‘ಸುಮ್ನೆ ಸಮುದ್ರ ಸೇರುವ ನೀರು’ ಅಲ್ಲಿ ಏನು ಮಾಡುತ್ತದೆ?

ನಮ್ಮ ಕಡೆ ನೀರಿನ ಬಗ್ಗೆ ಎಲ್ಲಿ ಸಭೆ ಸೇರಿದರೂ ಒಂದು ಮಾತು ಬಂದೇ ಬರುತ್ತದೆ. ‘ಇಷ್ಟೆಲ್ಲ ನೀರು ಸುಮ್ನೆ ಸಮುದ್ರಕ್ಕ ಹೋಗ್ತದ, ನಮಗ ಕುಡಿಯಾಕ ಇಲ್ಲ.’ ನವಲಗುಂದ, ನರಗುಂದದ ರೈತರು ಮಹದಾಯಿಗಾಗಿ ವರ್ಷಗಟ್ಟಲೆ ಧರಣಿ ಕೂತಾಗ ಇದನ್ನು ಕೇಳಿದ್ದೇವೆ. ಹಾವೇರಿ, ಗದಗದಲ್ಲಿ ಬೇಡ್ತಿ-ವರದಾ ಜೋಡಣೆಯ ಚರ್ಚೆ ಎದ್ದಾಗಲೂ ಇದೇ ಮಾತು. ಬೇಸಿಗೆಯಲ್ಲಿ ನಲ್ಲಿ ನೀರಿಗಾಗಿ ದಿನ ಎಣಿಸಿದವರಿಗೆ ಆ ಸಿಟ್ಟು ಚೆನ್ನಾಗಿ ಗೊತ್ತು. ನನಗೂ ಗೊತ್ತು. ನನ್ನ ತಕರಾರು ಇರುವುದು ಆ ಮಾತಿನಲ್ಲಿರುವ ‘ಸುಮ್ನೆ’ ಎಂಬ ಒಂದು ಪದದ ಬಗ್ಗೆ ಮಾತ್ರ.

ನದಿ ಕಡಲಿಗೆ ಒಯ್ಯುವುದು ಬರೀ ನೀರನ್ನಲ್ಲ. ಮಣ್ಣು, ಎಲೆ, ಉಪ್ಪು-ಸಾರ ಎಲ್ಲವನ್ನೂ ಹೊತ್ತು ಹೋಗುತ್ತದೆ. ಕಡಲ ಅಂಚಿನಲ್ಲಿ ಅದರಿಂದ ಕೆಸರಿನ ಹಾಸು ಬೆಳೆಯುತ್ತದೆ. ಗಾಳಿಯಲ್ಲಿ ಜಾಸ್ತಿಯಾಗಿ ನಮ್ಮನ್ನು ಕಾಡುತ್ತಿರುವ ಇಂಗಾಲವನ್ನು ಶತಮಾನಗಳ ಕಾಲ ಹಿಡಿದಿಡುವ ಜಾಗಗಳಲ್ಲಿ ಆ ಕೆಸರೂ ಒಂದು. ಜಗತ್ತಿನಲ್ಲಿ ಇದಕ್ಕೆ ‘ಬ್ಲೂ ಕಾರ್ಬನ್’, ಅಂದರೆ ನೀಲಿ ಇಂಗಾಲ, ಎಂದು ಹೆಸರಿಟ್ಟಿದ್ದಾರೆ. 2009ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಒಂದು ವರದಿ ತಂದ ಮೇಲೆ ಈ ಹೆಸರು ಬಳಕೆಗೆ ಬಂತು.

ಹುಬ್ಬಳ್ಳಿಯವರಿಗೆ, ಗದಗಿನವರಿಗೆ ಇದರಲ್ಲೇನು ಕೆಲಸ ಎಂದು ಕೇಳಬಹುದು. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ನಮಗೆಲ್ಲ ಗೊತ್ತು. ಅದು ತೆಂಕಣಕ್ಕೆ ಇಳಿದು ಕಲಘಟಗಿಯ ಕಡೆ ಬೇಡ್ತಿಯನ್ನು ಸೇರುತ್ತದೆ. ಬೇಡ್ತಿ ಯಲ್ಲಾಪುರದ ಕಾಡು ಹೊಕ್ಕು, ಮಾಗೋಡಿನಲ್ಲಿ ಧುಮುಕಿ, ಕೆಳಗೆ ಗಂಗಾವಳಿ ಎಂಬ ಹೆಸರಿನಿಂದ ಗೋಕರ್ಣ ಮತ್ತು ಅಂಕೋಲೆಯ ನಡುವೆ ಅರಬ್ಬಿ ಸಮುದ್ರಕ್ಕೆ ಸೇರುತ್ತದೆ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಬಿದ್ದಿದ್ದು ಇದೇ ಗಂಗಾವಳಿಗೆ. ಆ ದಿನಗಳಲ್ಲಿ ಟಿವಿ ನೋಡುತ್ತ ಕೂತ ನಮ್ಮಲ್ಲಿ ಎಷ್ಟು ಜನರಿಗೆ ಅದು ನಮ್ಮ ಧಾರವಾಡದ ಮಳೆ ನೀರೂ ಕೂಡಿದ ಹೊಳೆ ಎಂದು ನೆನಪಾಗಿತ್ತೋ ಗೊತ್ತಿಲ್ಲ.

ಹುಬ್ಬಳ್ಳಿಯ ಪೂರ್ವಕ್ಕೆ ಬಂದರೆ ದಾರಿ ಬೇರೆ. ಬೆಣ್ಣಿಹಳ್ಳದ ನೀರು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ. ಹಾವೇರಿಯ ವರದಾ ಗಲಗನಾಥದಲ್ಲಿ ತುಂಗಭದ್ರೆಯನ್ನು ಕೂಡಿ ಅದೂ ಕೃಷ್ಣೆಗೆ. ಕೊನೆಗೆ ಎಲ್ಲ ಆಂಧ್ರದ ಹಂಸಲದೀವಿಯ ಕಡೆ ಬಂಗಾಳ ಕೊಲ್ಲಿಗೆ. ಹೀಗೆ ನಾವು ಎರಡು ಕಡಲುಗಳ ನಡುವಿನ ದಿಬ್ಬದ ಮೇಲೆ ಕೂತಿದ್ದೇವೆ. ಒಂದೇ ಮೋಡದ ಮಳೆ, ಮನೆಯ ಮಾಳಿಗೆಯ ಎರಡು ಕಡೆಗೆ ಇಳಿದ ಹಾಗೆ, ಎರಡು ಸಮುದ್ರಕ್ಕೆ ಹೋಗುತ್ತದೆ.

ಮೊದಲು ತೆರೆದ ಸಮುದ್ರದ ಮಾತು ಮುಗಿಸಿಬಿಡೋಣ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು, ಕಾಡು ಕಡಿದು ನಾವು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರವೇ ನುಂಗುತ್ತಿದೆ. ಇಡೀ ವಾತಾವರಣದಲ್ಲಿ ಇರುವುದಕ್ಕಿಂತ 40 ಪಟ್ಟಿಗೂ ಜಾಸ್ತಿ ಇಂಗಾಲ ಈಗಾಗಲೇ ಸಮುದ್ರದ ನೀರಿನಲ್ಲಿ ಕರಗಿದೆ. ಭೂಮಿ ಬಿಸಿಯಾಗಿ ಉಳಿದುಕೊಂಡ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಕೂಡ ಅಲ್ಲಿಗೇ ಹೋಗಿದೆ.

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ದುರ್ಗದಬೈಲಿನ ಗೋಲಿ ಸೋಡಾ ಸಾಕು. ತಣ್ಣಗಿದ್ದರೆ ಗ್ಯಾಸು ನೀರಲ್ಲೇ ಉಳಿಯುತ್ತದೆ. ಬಿಸಿಲಿಗಿಟ್ಟು ಬಾಯಿ ತೆಗೆದರೆ ಬುಸ್ ಎಂದು ಹೊರಗೆ. ಧ್ರುವಗಳ ಹತ್ತಿರದ ತಣ್ಣನೆಯ ನೀರು ಹೆಚ್ಚು ಗ್ಯಾಸು ಕರಗಿಸಿಕೊಂಡು, ಭಾರವಾಗಿ ಆಳಕ್ಕೆ ಇಳಿಯುತ್ತದೆ. ಮತ್ತೆ ಮೇಲೆ ಬರಲು ನೂರಾರು ವರ್ಷ ಬೇಕು. ಇನ್ನೊಂದು ದಾರಿ ಜೀವಿಗಳದು. ಕಣ್ಣಿಗೆ ಕಾಣದ ತೇಲುಸಸ್ಯಗಳು ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುತ್ತವೆ. ಭೂಮಿಯ ಮೇಲೆ ನಡೆಯುವ ಈ ಅಡುಗೆಯಲ್ಲಿ ಹೆಚ್ಚುಕಡಿಮೆ ಅರ್ಧ ಇವುಗಳದ್ದೇ. ಅವು ಸತ್ತು, ಇಲ್ಲವೇ ಮೀನಿನ ಹಿಕ್ಕೆಯಾಗಿ, ಹಿಟ್ಟು ಉದುರಿದ ಹಾಗೆ ಕೆಳಗಿಳಿಯುತ್ತವೆ. ಬಹುಪಾಲು ದಾರಿಯಲ್ಲೇ ಕೊಳೆತು ಗ್ಯಾಸಾಗಿ ತಿರುಗುತ್ತದೆ. ಸ್ವಲ್ಪ ಮಾತ್ರ ಆಳ ಮುಟ್ಟುತ್ತದೆ.

ಎಲ್ಲ ಸಮುದ್ರವೂ ಒಂದೇ ಥರ ನುಂಗುವುದಿಲ್ಲ. ನಮ್ಮ ಪಕ್ಕದ ಅರಬ್ಬಿ ಸಮುದ್ರವನ್ನೇ ನೋಡಿ. ಮುಂಗಾರಿನ ಗಾಳಿ ಬೀಸುವಾಗ ಆಳದ ನೀರು ಮೇಲೆ ಬರುತ್ತದೆ. ಆ ನೀರಿನಲ್ಲಿ ಹಳೆಯ ಇಂಗಾಲ ತುಂಬಿರುತ್ತದೆ. ಹಾಗಾಗಿ ವರ್ಷದ ಒಟ್ಟು ಲೆಕ್ಕದಲ್ಲಿ ಅರಬ್ಬಿ ಸಮುದ್ರ ತಗೊಳ್ಳುವುದಕ್ಕಿಂತ ಬಿಡುವುದೇ ಜಾಸ್ತಿ. ‘ಸಮುದ್ರ ಇದೆಯಲ್ಲ, ಎಲ್ಲಾ ಹೀರಿಕೊಳ್ಳುತ್ತದೆ’ ಎಂದು ನೆಮ್ಮದಿಯಾಗಿ ಕೂರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ನುಂಗಿದ್ದಕ್ಕೂ ಬೆಲೆ ಇದೆ. ಕಾರ್ಖಾನೆಗಳ ಕಾಲ ಶುರುವಾದಾಗಿನಿಂದ ಮೇಲ್ಮೈ ನೀರಿನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಓದಲು ಸಣ್ಣ ಅಂಕಿ. ಆ ಅಳತೆಯ ರೀತಿಯಲ್ಲಿ ನೋಡಿದರೆ ನೀರಿನ ಹುಳಿ ಸುಮಾರು ನೂರಕ್ಕೆ 30ರಷ್ಟು ಏರಿದೆ ಎಂದರ್ಥ. ಚಿಪ್ಪು ಕಟ್ಟುವ ಜೀವಿಗಳಿಗೆ, ಹವಳಕ್ಕೆ ಇದು ಕಷ್ಟ.

ಈಗ ದಂಡೆಗೆ ಬರೋಣ. ನನಗೆ ಹೇಳಬೇಕಾದದ್ದು ಇರುವುದು ಇಲ್ಲಿ.

ನಮ್ಮ ಕಡೆಯ ಹಳೇ ಮನೆಗಳಲ್ಲಿ ಹಗೇವು ಇರುತ್ತಿತ್ತು. ಆಳವಾಗಿ ತೆಗ್ಗು ತೋಡಿ, ಒಳಗೆ ಸುತ್ತ ಹುಲ್ಲು ಹಚ್ಚಿ, ಜೋಳ ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತುತ್ತಿದ್ದರು. ಬರ ಬಂದಾಗ ತೆಗೆಯುತ್ತಿದ್ದರು. ಅಷ್ಟು ದಿನ ಜೋಳ ಯಾಕೆ ಕೆಡುತ್ತಿರಲಿಲ್ಲ? ಒಳಗೆ ಗಾಳಿ ಇರಲಿಲ್ಲ. ಇದ್ದ ಸ್ವಲ್ಪ ಆಮ್ಲಜನಕವನ್ನು ಕಾಳುಗಳೇ ಉಸಿರಾಡಿ ಮುಗಿಸುತ್ತಿದ್ದವು. ಆಮೇಲೆ ಹುಳಕ್ಕೂ ಬದುಕಲು ಆಗುತ್ತಿರಲಿಲ್ಲ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗಲಿ ಎಂದು ಕಾಯುತ್ತಿದ್ದರು. ಅವಸರ ಮಾಡಿ ಇಳಿದು ಸತ್ತವರ ಕಥೆಗಳನ್ನು ಹಿರಿಯರು ಹೇಳುತ್ತಿದ್ದರು. ಆ ಕೆಟ್ಟ ಗಾಳಿಯೇ ಇಂಗಾಲದ ಡೈಆಕ್ಸೈಡ್.

ಕಡಲ ಅಂಚಿನ ಕೆಸರೂ ಹೀಗೆಯೇ ಕೆಲಸ ಮಾಡುತ್ತದೆ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಅಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಕ್ಕೆ ಕರಾವಳಿಯವರು ಕಾಂಡ್ಲಾ ಎನ್ನುತ್ತಾರೆ. ಕೆಲವು ಜಾತಿಗಳಿಗೆ ಕೋಲು ಊರಿದ ಹಾಗೆ ಬೇರುಗಳು. ಇನ್ನು ಕೆಲವಕ್ಕೆ ಕೆಸರಿನಿಂದ ಪೆನ್ಸಿಲ್ಲುಗಳಂತೆ ಮೇಲೆದ್ದ ಉಸಿರುಬೇರುಗಳು. ಬೇರಿಗೆ ಗಾಳಿ ಬೇಕು, ಕೆಳಗೆ ಗಾಳಿಯೇ ಇಲ್ಲ, ಅದಕ್ಕೇ ಈ ಏರ್ಪಾಡು. ನೀರು ಬೇರುಗಳ ನಡುವೆ ನಿಧಾನವಾಗುತ್ತದೆ. ಹೊಳೆ ತಂದ ಮಣ್ಣು ಅಲ್ಲೇ ಕೂರುತ್ತದೆ. ಉದುರಿದ ಎಲೆ, ಸತ್ತ ಬೇರು, ಮೇಲಿನ ಕಾಡಿನಿಂದ ಬಂದ ಕಸಕಡ್ಡಿ ಎಲ್ಲ ಆ ಮಣ್ಣಿನಡಿ ಹೂತುಹೋಗುತ್ತದೆ. ಕೆಸರಿನ ಮೇಲಿನ ತೆಳು ಪದರ ಬಿಟ್ಟರೆ ಕೆಳಗೆ ಆಮ್ಲಜನಕ ಇರುವುದಿಲ್ಲ. ಹಾಗಾಗಿ ಕೊಳೆಯುವುದು ಬಹಳ ನಿಧಾನ.

ಇಲ್ಲಿ ಉಪ್ಪಿಗೂ ಒಂದು ಕೆಲಸವಿದೆ. ಗಾಳಿ ಇಲ್ಲದ ಸಿಹಿನೀರಿನ ಕೆಸರಿನಲ್ಲಿ ಮೀಥೇನ್ ಹುಟ್ಟುತ್ತದೆ. ಅದು ಶಾಖ ಹಿಡಿಯುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಬಹಳ ಜೋರು. ಸಮುದ್ರದ ನೀರಿನಲ್ಲಿ ಸಲ್ಫೇಟ್ ಇರುತ್ತದೆ. ಸಲ್ಫೇಟ್ ಬಳಸುವ ಸೂಕ್ಷ್ಮಜೀವಿಗಳು ಮೀಥೇನ್ ಮಾಡುವವುಗಳಿಗೆ ಎಡೆ ಕೊಡುವುದಿಲ್ಲ. ಕಾಂಡ್ಲಾ ಕೆಸರು ತುಳಿದಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಅವುಗಳದ್ದೇ. ಮೂಗು ಮುಚ್ಚಿಕೊಳ್ಳುತ್ತೇವೆ, ಆದರೆ ಹಗೇವು ಗಟ್ಟಿಯಾಗಿ ಮುಚ್ಚಿದೆ ಎಂಬ ಗುರುತು ಅದು.

ಎಷ್ಟು ತುಂಬಿರುತ್ತದೆ? ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಭಾಗದ ಕಾಂಡ್ಲಾ ಕಾಡುಗಳನ್ನು ಅಳೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆಕ್ಟೇರಿಗೆ ಸರಾಸರಿ ಸುಮಾರು 1,000 ಟನ್ ಇಂಗಾಲ ಸಿಕ್ಕಿತ್ತು. ಉಷ್ಣವಲಯದ ಒಣನೆಲದ ಕಾಡುಗಳಲ್ಲಿ ಇರುವುದಕ್ಕಿಂತ ಇದು ಹಲವು ಪಟ್ಟು. ಅದರಲ್ಲಿ ಕನಿಷ್ಠ ಅರ್ಧದಷ್ಟು, ಕೆಲವು ಕಡೆ ಬಹುತೇಕ ಎಲ್ಲಾ, ಇದ್ದದ್ದು ನೆಲದಡಿ. ಎಲ್ಲ ಅಳಿವೆಯಲ್ಲೂ ಇಷ್ಟೇ ಇರುತ್ತದೆ ಎಂದು ತಿಳಿಯಬಾರದು. ಕೆಸರು ತೆಳುವಿದ್ದಲ್ಲಿ ಕಡಿಮೆ. ಆದರೆ ಸಂಪತ್ತು ಮರದಲ್ಲಿಲ್ಲ, ಬುಡದಲ್ಲಿದೆ ಎಂಬುದು ಎಲ್ಲ ಕಡೆಗೂ ಹೊಂದುವ ಮಾತು. ನಮ್ಮ ಎರಿ ಹೊಲದ ಜೊತೆ ಹೋಲಿಸಿದರೆ ಇದು ತಿಳಿಯುತ್ತದೆ. ವರ್ಷ ವರ್ಷ ನೇಗಿಲು ಹೊಡೆದು, ಬೇಸಿಗೆಯಲ್ಲಿ ಬಿರಿದು, ಎರಿ ಮಣ್ಣಿಗೆ ಗಾಳಿ ಆಡುತ್ತಲೇ ಇರುತ್ತದೆ. ಹಾಕಿದ ಗೊಬ್ಬರ, ಉಳಿದ ಬೇರು ಬೇಗ ಕರಗಿ ಗಾಳಿ ಸೇರುತ್ತದೆ.

ಒಂದು ತಪ್ಪು ತಿಳಿವಳಿಕೆಯನ್ನೂ ಹೇಳಬೇಕು. ಬೆಳಚಿನಂಥ ಚಿಪ್ಪಿನ ಜೀವಿಗಳು ಇಂಗಾಲವನ್ನು ಚಿಪ್ಪಿನಲ್ಲಿ ಕಟ್ಟಿಡುತ್ತವೆ, ಆದ್ದರಿಂದ ಅವೂ ಗಾಳಿ ಶುದ್ಧ ಮಾಡುತ್ತವೆ ಎಂದು ಕೆಲವರು ಬರೆಯುತ್ತಾರೆ. ಚಿಪ್ಪಿನಲ್ಲಿ ಇಂಗಾಲ ಇರುವುದು ನಿಜ. ಆದರೆ ಚಿಪ್ಪು ಕಟ್ಟುವಾಗ ನಡೆಯುವ ಕ್ರಿಯೆಯಲ್ಲಿ ಇಂಗಾಲದ ಡೈಆಕ್ಸೈಡ್ ನೀರಿಗೆ ಬಿಡುಗಡೆಯಾಗುತ್ತದೆ. ಬೆಳಚು ಬೇಕಾಗಿರುವುದು ಊಟಕ್ಕೆ, ಸಾವಿರಾರು ಮನೆಗಳ ದುಡಿಮೆಗೆ. ಅಷ್ಟೇ ಕಾರಣ ಸಾಕು, ಅಲ್ವಾ?

ಹುಬ್ಬಳ್ಳಿಯಿಂದ ಹೊರಟು ಅರಬೈಲ್ ಘಟ್ಟ ಇಳಿದು, ಅಂಕೋಲೆಯಿಂದ ಎಡಕ್ಕೆ ತಿರುಗಿ ಕುಮಟೆಯ ಕಡೆ ಹೋದರೆ ಅಘನಾಶಿನಿಯ ಅಳಿವೆ ಸಿಗುತ್ತದೆ. ದೊಡ್ಡ ಅಣೆಕಟ್ಟು ಇಲ್ಲದೆ ಸಮುದ್ರ ಸೇರುವ ಹೊಳೆ ಇದು. ಮಾಣಿಕಟ್ಟಾ ಕಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪು ತಡೆಯುವ, ನೆರೆಯಲ್ಲಿ ಮುಳುಗಿದರೂ ಏಳುವ ತಳಿ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ತೂಬು ತೆಗೆದು ಉಪ್ಪುನೀರು ಬಿಟ್ಟು ಮೀನು, ಸಿಗಡಿ. ಒಡ್ಡಿನ ಗುಂಟ ಕಾಂಡ್ಲಾ. ಕೆಸರನ್ನು ಕೆದಕದೆ ಅದರ ಮೇಲೆ ಬದುಕುವ ಬೇಸಾಯ ಇದು. 1990ರ ದಶಕದಲ್ಲಿ ಸಿಗಡಿ ಕೃಷಿಯ ಅಲೆ ಬಂದಾಗ ಬಹಳಷ್ಟು ಗಜನಿ ಹೊಂಡಗಳಾಗಿ ಬದಲಾಯಿತು. ಕಾಂಡ್ಲಾ ಕಡಿದು ಹೊಂಡ ತೋಡಿದ ಕಡೆಯೆಲ್ಲ, ನಮ್ಮಲ್ಲಾಗಲಿ ಇಂಡೊನೇಷ್ಯಾದಲ್ಲಾಗಲಿ, ಆಗುವುದು ಒಂದೇ. ಕೆಸರು ಮೇಲೆ ಬಂದು ಒಣಗುತ್ತದೆ, ಗಾಳಿ ಆಡುತ್ತದೆ, ನೂರಾರು ವರ್ಷ ಕೂಡಿಟ್ಟಿದ್ದು ಕೆಲವೇ ವರ್ಷಗಳಲ್ಲಿ ಗ್ಯಾಸಾಗಿ ಹೋಗುತ್ತದೆ. ಹಗೇವಿನ ಬಾಯಿ ತೆಗೆದು ಹಾಗೇ ಬಿಟ್ಟ ಹಾಗೆ.

2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟಿಯ, ಅಂದರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ಪಟ್ಟಿಯ, ಗೌರವ ಸಿಕ್ಕಿತು. ಅದೇ ಸುದ್ದಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಇತ್ತು. ಒಂದು ಸುಮಾರು 4,800 ಹೆಕ್ಟೇರಿನ ಅಳಿವೆ, ಇನ್ನೊಂದು ಸುಮಾರು 50 ಹೆಕ್ಟೇರಿನ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ನಾವು ಮಾಗಡಿಗೆ ಹೋಗುತ್ತೇವೆ. ಕರಾವಳಿಯ ಕೆಸರು, ನಮ್ಮ ಕೆರೆಯ ಕೆಸರು ಒಂದೇ ಪಟ್ಟಿಯಲ್ಲಿ ಬಂದದ್ದು ನನಗೆ ತುಂಬ ಖುಷಿ ಕೊಟ್ಟ ಸಂಗತಿ.

ಇಷ್ಟು ಹೊಗಳಿದ ಮೇಲೆ ಲೆಕ್ಕವನ್ನೂ ಹೇಳಬೇಕು. ಅರಣ್ಯ ಸಮೀಕ್ಷೆಯ 2021ರ ವರದಿಯ ಪ್ರಕಾರ ದೇಶದಲ್ಲಿ ಕಾಂಡ್ಲಾ ಕಾಡು 4,992 ಚದರ ಕಿ.ಮೀ. ಪಶ್ಚಿಮ ಬಂಗಾಳ ಒಂದರಲ್ಲೇ 2,114. ಕರ್ನಾಟಕದ ಪಾಲು 13. ಹೌದು, ಹದಿಮೂರೇ. ಅಂದರೆ 1,300 ಹೆಕ್ಟೇರು. ಅತಿ ಉದಾರವಾಗಿ ಹೆಕ್ಟೇರಿಗೆ 1,000 ಟನ್ ಎಂದು ಹಿಡಿದರೂ 13 ಲಕ್ಷ ಟನ್ ಇಂಗಾಲ. ಡೈಆಕ್ಸೈಡಿನ ಲೆಕ್ಕದಲ್ಲಿ ಸುಮಾರು 48 ಲಕ್ಷ ಟನ್. ಭಾರತ ವರ್ಷಕ್ಕೆ ಗಾಳಿಗೆ ಬಿಡುವುದು ಸುಮಾರು 300 ಕೋಟಿ ಟನ್, ದಿನಕ್ಕೆ 80 ಲಕ್ಷ ಟನ್ನಿನ ಮೇಲೆ. ಶತಮಾನಗಳಿಂದ ನಮ್ಮ ಕಾಂಡ್ಲಾ ಕೂಡಿಟ್ಟಿದ್ದೆಲ್ಲ ದೇಶದ ಒಂದು ದಿನದ ಹೊಗೆಗೂ ಸಮ ಆಗುವುದಿಲ್ಲ.

ಹಾಗಾದರೆ ಇಷ್ಟು ಮಾತು ಯಾಕೆ ಎಂದು ಯಾರಾದರೂ ಕೇಳಿದರೆ, ಈ ಲೆಕ್ಕವೇ ಉತ್ತರ ಎನ್ನುತ್ತೇನೆ. ನಮ್ಮ ಹೊಗೆಯನ್ನು ಕಾಂಡ್ಲಾ ಒರೆಸಿಬಿಡುತ್ತದೆ ಎಂದು ಯಾರೂ ಮಾತು ಕೊಡಬಾರದು. ಹೊಗೆ ಕಡಿಮೆ ಮಾಡಲೇಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಕಾರ್ಖಾನೆಯ ಹೊಗೆಗೆ ಬದಲಾಗಿ ಕಾಂಡ್ಲಾ ನೆಟ್ಟು ಕಾರ್ಬನ್ ಕ್ರೆಡಿಟ್ ಮಾರುವ ವ್ಯಾಪಾರವನ್ನು ನಾನು ಅನುಮಾನದಿಂದ ನೋಡುವುದು ಇದಕ್ಕೇ. ಆದರೆ ಒಂದು ಹೆಕ್ಟೇರಿನ ಹಳೆಯ ಕೆಸರನ್ನು ಕೆದಕಿದರೆ ಆಗುವ ನಷ್ಟವನ್ನು ನಮ್ಮ ಜೀವಮಾನದಲ್ಲಿ ತುಂಬಿಕೊಡಲು ಆಗುವುದಿಲ್ಲ. ಇರುವುದೇ 13 ಚದರ ಕಿ.ಮೀ. ಎಂದಾದರೆ ಒಂದೊಂದು ಎಕರೆಯೂ ಎಣಿಕೆಗೆ ಬರುತ್ತದೆ.

ಕೇಂದ್ರ ಸರ್ಕಾರ 2023ರ ಬಜೆಟ್ಟಿನಲ್ಲಿ ‘ಮಿಷ್ಟಿ’ ಎಂಬ ಯೋಜನೆ ಹೇಳಿತು. ಐದು ವರ್ಷದಲ್ಲಿ ಸುಮಾರು 540 ಚದರ ಕಿ.ಮೀ. ಕಾಂಡ್ಲಾ ಬೆಳೆಸುವ, ಹಾಳಾದದ್ದನ್ನು ಸರಿಮಾಡುವ ಗುರಿ. ಒಳ್ಳೆಯ ಉದ್ದೇಶ. ಆದರೆ ಸಸಿ ಎಣಿಸುವ ಚಟ ನಮ್ಮಲ್ಲಿ ಜಾಸ್ತಿ. ಜಗತ್ತಿನ ಹಲವು ಕಡೆ ಕಾಂಡ್ಲಾ ಎಂದೂ ಬೆಳೆಯದ ಬಯಲು ಕೆಸರಿನಲ್ಲಿ ಒಂದೇ ಜಾತಿಯ ಸಸಿ ನೆಟ್ಟು, ಎರಡು ಮೂರು ವರ್ಷದಲ್ಲಿ ಎಲ್ಲ ಸತ್ತಿವೆ. ನೀರು ಬಂದು ಹೋಗುವ ದಾರಿ ಸರಿಮಾಡಿದರೆ ಬೀಜ ತಾನೇ ತೇಲಿ ಬಂದು ಊರುತ್ತದೆ. ನೆಟ್ಟ ಸಸಿಗೆ ಹಳೆ ಕಾಡಿನಷ್ಟು ಕೆಸರು ಕೂಡಿಸಲು ಎಷ್ಟೋ ದಶಕ ಬೇಕು. ಮೊದಲು ಇದ್ದದ್ದನ್ನು ಉಳಿಸುವುದು, ಆಮೇಲೆ ನೆಡುವುದು. ಈ ಕ್ರಮ ತಿರುಗಿದರೆ ದುಡ್ಡು ಖರ್ಚಾಗುತ್ತದೆ, ಕೆಸರು ಉಳಿಯುವುದಿಲ್ಲ.

ಈಗ ಮತ್ತೆ ಹೊಳೆಗೆ. ಕೆಸರು ಬೆಳೆಯಬೇಕಾದರೆ ಮಣ್ಣು ಬರುತ್ತಿರಬೇಕು. ಸಮುದ್ರ ಈಗ ವರ್ಷಕ್ಕೆ ಸುಮಾರು 4 ಮಿಲಿಮೀಟರ್ ಏರುತ್ತಿದೆ. ಕೆಸರಿನ ಹಾಸು ಅದರ ಜೊತೆಗೇ ಏರದಿದ್ದರೆ ಕಾಂಡ್ಲಾ ಮುಳುಗುತ್ತದೆ. ಏರಲು ಹೂಳು ಬೇಕು. ಆ ಹೂಳು ಎಲ್ಲಿದೆ? ಗದಗ, ಹಾವೇರಿಯವರಿಗೆ ಚೆನ್ನಾಗಿ ಗೊತ್ತು. ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗ ಸುಮಾರು 105. ಉಳಿದ ಜಾಗ ಹೂಳು ತಿಂದಿದೆ. ನಾವು ಅದನ್ನು ನೀರಾವರಿಯ ನಷ್ಟ ಎಂದಷ್ಟೇ ಮಾತಾಡುತ್ತೇವೆ. ಇದೇ ಹೂಳು ಕೃಷ್ಣೆಯ ಮುಖಜ ಭೂಮಿಗೆ ಹೋಗಬೇಕಿತ್ತು. ಅಲ್ಲಿಯೂ ಕಾಂಡ್ಲಾ ಕಾಡಿದೆ. ಮೇಲಿನ ಸಾಲು ಸಾಲು ಅಣೆಕಟ್ಟುಗಳು ಮಣ್ಣು ಹಿಡಿದಿಟ್ಟ ಮೇಲೆ ಆ ದಂಡೆಯನ್ನು ಸಮುದ್ರ ಕೊರೆಯುತ್ತಿದೆ. ನಮ್ಮ ಹೊಲದ ಒಡ್ಡು ಒಡೆದು ಹೋದ ಮಣ್ಣು ಹೊಸಪೇಟೆಯಲ್ಲಿ ಕೂತಿದೆ. ಹೊಲಕ್ಕೂ ಇಲ್ಲ, ಕಡಲಿಗೂ ಇಲ್ಲ.

ಸಿಹಿನೀರಿನ ಲೆಕ್ಕ ಇನ್ನೂ ಸೂಕ್ಷ್ಮ. ಕಡಿಮೆಯಾದರೆ ಉಪ್ಪು ಏರಿ ಕಾಂಡ್ಲಾ ಗಿಡ್ಡಾಗುತ್ತದೆ. ಜಾಸ್ತಿಯಾದರೂ ಕಷ್ಟ. ಹೊನ್ನಾವರದ ಶರಾವತಿಯಲ್ಲಿ ವಿದ್ಯುತ್ ಯೋಜನೆಯಿಂದ ವರ್ಷವಿಡೀ ಸಿಹಿನೀರು ಬಿಡುತ್ತಿರುವುದರಿಂದ ಅಳಿವೆಯ ಉಪ್ಪು ಕಡಿಮೆಯಾಗಿ ಚಿಪ್ಪಿನ ಜೀವಿಗಳು ಸೊರಗಿದವು. ಮಳೆಗಾಲಕ್ಕೆ ತುಂಬಿ, ಬೇಸಿಗೆಗೆ ಇಳಿದು, ಹೊಳೆ ಹಾಕುವ ತಾಳವೇ ಅಳಿವೆಗೆ ಬೇಕಾದದ್ದು.

ಹಾಗೆಂದು ಒಂದು ಹನಿಯನ್ನೂ ಮುಟ್ಟಬಾರದು ಎಂದು ನಾನು ಹೇಳುವುದಿಲ್ಲ. ಮಹದಾಯಿಯನ್ನೇ ತೆಗೆದುಕೊಳ್ಳಿ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ಆ ಕಣಿವೆಯ ನೀರನ್ನು ಸುಮಾರು 188 ಟಿಎಂಸಿ ಎಂದು ಲೆಕ್ಕ ಹಾಕಿತು. ಅದರ ಉಪಹೊಳೆಗಳಾದ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಟಿಎಂಸಿ. ನೂರಕ್ಕೆ ಎರಡರಷ್ಟು. ಕಾಡಿನ ಪ್ರಶ್ನೆ ಬೇರೆ, ಅದನ್ನು ಬೇರೆಯಾಗಿ ಕೇಳಬೇಕು. ಆದರೆ ಇಷ್ಟು ನೀರು ತೆಗೆದರೆ ಗೋವಾದಲ್ಲಿ ಮಾಂಡೋವಿ ಎನಿಸಿಕೊಳ್ಳುವ ಅದೇ ಹೊಳೆಯ ಕಾಂಡ್ಲಾ ಒಣಗಿಹೋಗುತ್ತದೆ ಎಂದರೆ ನನಗೆ ನಂಬಲು ಆಗುವುದಿಲ್ಲ. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಹೆಚ್ಚಾಗಿ ಬರುವುದು ಮಲಪ್ರಭೆಯಿಂದ. ಆ ಬೇಡಿಕೆ ನ್ಯಾಯವಾದದ್ದು.

ಬೇಡ್ತಿ-ವರದಾ ವಿಷಯದಲ್ಲಿ ನನಗೆ ಈ ನೆಮ್ಮದಿ ಇಲ್ಲ. ಬೇಡ್ತಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಶಿರಸಿ, ಯಲ್ಲಾಪುರದ ಜನ ಎದ್ದು ನಿಂತರು, 1980ರ ದಶಕದ ಆರಂಭದಲ್ಲಿ ಅದು ನಿಂತಿತು. ಈಗಿನ ಮಾತು ನೀರು ತಿರುಗಿಸುವುದು. ಘಟ್ಟದವರು ಕಾಡು, ತೋಟ, ಗುಡ್ಡ ಕುಸಿತ ಎನ್ನುತ್ತಾರೆ. ಹಾವೇರಿ, ಗದಗದವರು ಬರಗಾಲ ಎನ್ನುತ್ತಾರೆ. ಎರಡೂ ನಿಜ. ಗಂಗಾವಳಿಯ ಅಳಿವೆಯ ಪರವಾಗಿ ಮಾತಾಡುವವರು ಮಾತ್ರ ಈ ಚರ್ಚೆಯಲ್ಲಿ ಬಹಳ ಕಡಿಮೆ. ಯಾವ ತಿಂಗಳಲ್ಲಿ ಎಷ್ಟು ನೀರು ತೆಗೆಯುತ್ತಾರೆ? ಆಗ ಹೊಳೆಯ ಬಾಯಿಯಲ್ಲಿ ಉಪ್ಪು ಎಷ್ಟು ಏರುತ್ತದೆ? ಹೂಳು ಎಷ್ಟು ತಡೆಯಾಗುತ್ತದೆ? ಅಳಿವೆಯ ಕೆಸರು ಎಷ್ಟು ಆಳ, ಅದರಲ್ಲಿ ಇಂಗಾಲ ಎಷ್ಟು? ಈ ನಾಲ್ಕು ಪ್ರಶ್ನೆಗೆ ಅಂಕಿ ಸಿಗುವ ತನಕ ಯಾವ ಯೋಜನೆಗೂ ನಾನು ಹೂಂ ಎನ್ನಲಾರೆ.

ಅಂಕಿ ತರುವುದು ದುಬಾರಿ ಕೆಲಸವೂ ಅಲ್ಲ. ಇಳಿತದ ಹೊತ್ತಿಗೆ ಹೋಗಿ, ಉದ್ದನೆಯ ಕೊಳವೆಯನ್ನು ಕೈಯಿಂದ ಕೆಸರಿಗೆ ಇಳಿಸಿ, ಅಡಿ ಅಡಿಗೂ ಮಣ್ಣು ತೆಗೆದು, ಒಣಗಿಸಿ, ಪ್ರಯೋಗಾಲಯದಲ್ಲಿ ಇಂಗಾಲ ಅಳೆಯಬೇಕು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವಲ್ಲೇ. ಮಣ್ಣಿನ ಇಂಗಾಲ ಅಳೆಯಲು ನಮ್ಮ ಕೃಷಿ ವಿಶ್ವವಿದ್ಯಾಲಯವಿದೆ. ಕೋಡಿಬಾಗದಿಂದ ಗಂಗಾವಳಿಯ ಬಾಯಿಗೆ ಬಸ್ಸಿನಲ್ಲಿ ಹೋದರೂ ಅರ್ಧ ದಿನದೊಳಗಿನ ದಾರಿ. ಬೇಡ್ತಿಯ ನೀರು ಬೇಕು ಎನ್ನುವ ನಮ್ಮ ಜಿಲ್ಲೆಗಳೇ ಮೊದಲು ಈ ಕೊಳವೆ ಇಳಿಸಲು ಕೇಳಬೇಕು ಎಂಬುದು ನನ್ನ ಆಸೆ.